ನಂಗೂ ಒಂದ್ ಪಾಳಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಸೊಗಡಿನ ಅವರೆಕಾಯಿ ಬೇಯುವ ವಾಸನೆ ಬಂತು. ಈ ವಾಸನೆಗೆ ನಿಮಗೆ ಹಿತಕಿದ ಬೇಳೆಯ ಸಾರೋ ಉಪ್ಪಿಟ್ಟೋ ನೆನಪಾಗಬಹುದು. ನನಗೆ ನೆನಪಾಗುವುದು ಪಿರಿಯಾಪಟ್ಟಣದ ಒಂದು ಬಾಡಿಗೆ ಮನೆಯ ನಡುಮನೆ.

ಐವತ್ತರ ದಶಕದ ಮಾತು. ಕೃಷ್ಣರಾಜನಗರದ ಕಡೆಯ ನಮ್ಮೂರಿನಿಂದ ನಾನು ಅಲ್ಲಿಯ ಪ್ರೈಮರಿ ಸ್ಕೂಲಿಗೆ ಪಾಠ ಹೇಳಲು ಹೋದೆ. ಒಂಟಿ ಹೆಂಗಸಿಗೆ ಮನೆ ಕೊಡುವವರು ಯಾರು? ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ನಂಜಮ್ಮನವರಿಗೂ, ಹಳ್ಳಿಹಳ್ಳಿ ಸುತ್ತುತ್ತಿದ್ದ ಗ್ರಾಮಸೇವಿಕೆ ಸರೋಜಳಿಗೂ ಅದೇ ಫಜೀತಿ. ಮೂವರೂ ಸೇರಿ ಒಂದು ಮನೆ ಹಿಡಿದೆವು. ನಂಜಮ್ಮ ಹುಣಸೂರಿನ ಕಡೆಯವರು, ನಡುವಯಸ್ಸಿನ ವಿಧವೆ. ಸರೋಜ ಮೈಸೂರು ಪೇಟೆಯ ಹುಡುಗಿ, ನನ್ನ ಓರಗೆಯವಳು.

ನೀರು ಸೇದುವುದು, ರಾಗಿ ಬೀಸುವುದು, ಅಡುಗೆ ಎಲ್ಲಕ್ಕೂ ಪಾಳಿ. ನನ್ನ ಪಾಳಿಯ ದಿನ ಮುದ್ದೆಯಲ್ಲಿ ಗಂಟು ಖಾಯಂ. "ಮೇಷ್ಟ್ರಮ್ಮ, ಇದೇನು ಮುದ್ದೆನೋ, ಕಡ್ಲೆಕಾಯಿ ಉಂಡೆನೋ?" ಎಂದು ನಂಜಮ್ಮ ಕೇಳುವರು, ಆದರೂ ಪೂರ್ತಿ ಉಣ್ಣುವರು. ನಾನು ಮಾಂಸ ಮುಟ್ಟದ ಲಿಂಗಾಯತರ ಮನೆಯವಳು, ನಂಜಮ್ಮನವರಿಗೋ ವಾರಕ್ಕೊಮ್ಮೆ ಬಾಡು ಬೇಕು. ಮೂವರೂ ಕೂತು ಮಾತಾಡಿ, ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡುವುದೆಂದು ತೀರ್ಮಾನಿಸಿದೆವು. ಗಾಳಿ ಯಾವ ಕಡೆ ಬೀಸಬೇಕೆಂಬುದು ಮಾತ್ರ ನಮ್ಮ ತೀರ್ಮಾನಕ್ಕೆ ಸಿಗಲಿಲ್ಲ.

ತೀರ್ಮಾನಕ್ಕೂ ಒಂದು ಕಟ್ಟಳೆ ಇತ್ತು. "ಒಬ್ರು ಬ್ಯಾಡ ಅಂದ್ರೆ ಬ್ಯಾಡವೇ ಕಣ್ರವ್ವ. ಇಬ್ರು ಒಂದಾಗಿ ಒಬ್ರುನ್ನ ತುಳಿಯಂಗಿಲ್ಲ" ಎಂದು ನಂಜಮ್ಮ ಮೊದಲ ದಿನವೇ ಹೇಳಿದ್ದರು. ಸಣ್ಣಪುಟ್ಟದ್ದಕ್ಕೆಲ್ಲ ಅದು ಚೆನ್ನಾಗಿಯೇ ನಡೆಯಿತು.

ಒಂದು ಸಂಜೆ ನಂಜಮ್ಮ ಆಸ್ಪತ್ರೆಯಿಂದ ಒಬ್ಬ ಹಸಿ ಬಾಣಂತಿಯನ್ನು ಕರೆದುಕೊಂಡು ಬಂದರು. ಹೆಸರು ಚಿಕ್ಕತಾಯಿ, ಕಂಕುಳಲ್ಲಿ ಹೆಣ್ಣುಕೂಸು. ಅವಳು ಹೆರಿಗೆಗೆ ಬಂದಿದ್ದಾಗಲೇ ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ತವರಿನಲ್ಲಿ ಉಳಿದಿದ್ದ ಅಣ್ಣ ಬಾಗಿಲು ತೆರೆದಿರಲಿಲ್ಲ. ಅವಳಿಗೆ ಬಿಸಿನೀರು ಕೊಟ್ಟು, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಮಲಗಿಸಿ, ನಾವು ಮೂವರೂ ನಡುಮನೆಯಲ್ಲಿ ಮೊರದ ಸುತ್ತ ಅವರೆಕಾಯಿ ಸುಲಿಯುತ್ತ ಕೂತೆವು.

"ಇಲ್ಲೇ ಇರ್ಲಿ ಅಂತೀನಿ" ಎಂದರು ನಂಜಮ್ಮ. ನಾನು ಹೂಂ ಅಂದೆ.

ಸರೋಜ ತಲೆ ಎತ್ತಲಿಲ್ಲ. "ನಾನು ಬೇಡ ಅಂತೀನಿ. ನಂಗೆ ಕರುಣೆ ಇಲ್ಲ ಅಂತಲ್ಲ. ಈ ಮನೆ ಬಗ್ಗೆ ಈಗ್ಲೇ ಜನ ಏನೇನೋ ಆಡ್ಕೋತಾರೆ. ನಾಳೆ ಗೌಡತಮ್ಮ ಮನೆ ಬಿಡಿ ಅಂದ್ರೆ ನಾಲ್ಕು ಜನವೂ ಬೀದಿಗೆ." ಗೌಡತಮ್ಮ ಎಂದರೆ ಪಕ್ಕದಲ್ಲೇ ಇದ್ದ ಮನೆಯೊಡತಿ. ಸರೋಜಳ ಮಾತು ಸುಳ್ಳೆನ್ನುವ ಹಾಗಿರಲಿಲ್ಲ. ನಂಜಮ್ಮನ ಕಟ್ಟಳೆ ಅವರ ಬಾಯಿಗೇ ಬೀಗ ಹಾಕಿತ್ತು.

ಆಗ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕತಾಯಿ ಕಾಣಿಸಿದಳು. ಗೋಡೆ ಹಿಡಿದುಕೊಂಡು ಬಂದವಳೇ ಮೊರದ ಪಕ್ಕ ಕೂತಳು.

"ಮಾತಾಡ್ತಿರೋದು ನನ್ ಇಚಾರ ಅಲ್ವ ಅಕ್ಕಾ? ನನ್ನೂ ಕೂರುಸ್ಕಳಿ."

ನಮಗೆ ಮೂವರಿಗೂ ಅದು ಹೊಳೆದೇ ಇರಲಿಲ್ಲ. ಮಲಗಿದ್ದಾಳೆ, ಪಾಪ ಅಂದುಕೊಂಡಿದ್ದೆವು. ಮೊದಲು ಸಾವರಿಸಿಕೊಂಡವಳು ಸರೋಜಳೇ. "ಸರಿ, ನೀನೇ ಹೇಳು. ಏನು ಮಾಡೋಣ?"

"ಪುಕ್ಸಟ್ಟೆ ಅನ್ನ ಬ್ಯಾಡ. ಮೈ ಒಂದೀಟು ಗಟ್ಟಿಯಾಗ್ಲಿ, ನೀರು ಸೇದಕೆ, ರಾಗಿ ಬೀಸಕೆ ನಂಗೂ ಒಂದ್ ಪಾಳಿ ಹಾಕಿ. ಹೋಗು ಅನ್ನೋದಾದ್ರೆ ನನ್ ಎದ್ರುಗೇ ಅನ್ನಿ, ಹೋಯ್ತೀನಿ. ಗೌಡತಮ್ಮೋರ ತಾವ ನಾನೇ ಮಾತಾಡ್ತೀನಿ."

ಮಾರನೆಯ ಬೆಳಿಗ್ಗೆ ನಾಲ್ವರೂ ಹೋದೆವು. ಚಿಕ್ಕತಾಯಿ ಯಾವುದನ್ನೂ ಮುಚ್ಚಿಡಲಿಲ್ಲ. ಯಾವ ಊರು, ಯಾರ ಮಗಳು, ಗಂಡ ಮಾಡಿದ್ದೇನು ಎಲ್ಲ ಹೇಳಿದಳು. ಗೌಡತಮ್ಮ ಎಲೆಅಡಿಕೆ ಜಗಿಯುತ್ತ ಕೇಳಿ, "ಊರೋರು ಕೇಳಿದ್ರೆ ನಾ ಏನವ್ವ ಅನ್ಲಿ?" ಎಂದರು.

"ಬಾಣಂತಿ ಅವ್ಳೆ ಅನ್ನಿ. ದಿಟವೇ ಅಲ್ವ?"

ಗೌಡತಮ್ಮನಿಗೆ ನಗು ತಡೆಯಲಾಗಲಿಲ್ಲ. "ಬಾಯಿದ್ದೋಳು ಬದುಕ್ತೀಯ, ಬುಡು" ಎಂದರು. ಹಿಂದಿರುಗುವಾಗ ಸರೋಜ ಕೂಸನ್ನು ತಾನೇ ಎತ್ತಿಕೊಂಡಳು. ಅದೇ ಅವಳ ಒಪ್ಪಿಗೆ.

ಚಿಕ್ಕತಾಯಿಯ ಮುದ್ದೆಯಲ್ಲಿ ಗಂಟಿರಲಿಲ್ಲ. ಆಕೆಯ ಬಾಯಿಗೂ ಬಿಡುವಿರಲಿಲ್ಲ. ಮಾತಿಗೆ ಕೂತಾಗ ಒಮ್ಮೊಮ್ಮೆ ಅವಳೇ ಬೇಡ ಅನ್ನುವಳು, ನಾವು ಮೂವರೂ ಹಲ್ಲು ಕಚ್ಚಿಕೊಂಡು ಒಪ್ಪುವೆವು. ಮುಂದಿನ ವರ್ಷ ಅವಳ ಗಂಡ ಊರಿನ ಯಜಮಾನರನ್ನು ಕಟ್ಟಿಕೊಂಡು ಕರೆಯಲು ಬಂದ. ಅವರು ಜಗಲಿಯ ಮೇಲೆ ಕೂತು ನಂಜಮ್ಮನ ಮುಖ ನೋಡಿದರು. ನಂಜಮ್ಮ ಚಿಕ್ಕತಾಯಿಯ ಕಡೆ ಕೈ ತೋರಿಸಿ ಒಳಗೆ ಹೋದರು. ಅವಳು ಬರುವುದಿಲ್ಲವೆಂದಳು. ಆಮೇಲೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಹಿಡಿದಳು. ನನಗೆ ಹೆಗ್ಗಡದೇವನಕೋಟೆಗೆ ವರ್ಗವಾದಾಗ ಬಸ್ಸಿನ ತನಕ ಬಂದು, "ಅಲ್ಲಿ ಮುದ್ದೆ ಯಾರು ಕಟ್ತಾರೆ ನಿಮ್ಗೆ?" ಎಂದು ಅತ್ತಳು.

ಮೊನ್ನೆ ನಮ್ಮ ಬೀದಿಯವರೆಲ್ಲ ಒಂದು ಮನೆಯಲ್ಲಿ ಸೇರಿದ್ದೆವು. ಮೂಲೆಯ ಇಸ್ತ್ರಿ ಗಾಡಿ ಅಲ್ಲಿರಬೇಕೋ ತೆಗೆಸಬೇಕೋ ಎಂಬುದು ಚರ್ಚೆ. ಕಾಫಿ ಬಂತು, ಮಾತು ಬಿಸಿಯಾಯಿತು. ಕಿಟಕಿಯಿಂದ ನೋಡಿದರೆ ಇಸ್ತ್ರಿಯವನು ನಮ್ಮವೇ ಬಟ್ಟೆಗಳನ್ನು ಮಡಚುತ್ತಿದ್ದ. ನನಗೆ ಮಂಡಿನೋವು, ಮೆಟ್ಟಿಲು ಇಳಿಯುವುದು ಕಷ್ಟ. ಆದರೂ ಎದ್ದೆ.

"ಎಲ್ಲಿಗೆ ಅಜ್ಜಿ, ಇನ್ನೂ ತೀರ್ಮಾನ ಆಗಿಲ್ವಲ್ಲ?" ಎಂದಳು ಆ ಮನೆಯ ಹುಡುಗಿ.

"ಹೇಗಮ್ಮ ಆಗುತ್ತೆ? ಇನ್ನೊಂದು ಕುರ್ಚಿ ಹಾಕಿರು, ಕರ್ಕೊಂಡು ಬರ್ತೀನಿ" ಎಂದು ಹೇಳಿ ಕಂಬಿ ಹಿಡಿದು ಇಳಿದೆ.