ತಟ್ಟೆ ತಿರುಗಿಸಿ ಓದಿದವರು

ಈಗಿನ ಹುಡುಗರು ಏನನ್ನೂ ಓದುವುದಿಲ್ಲ ಎನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಓದುವುದನ್ನು ಕಳೆದ ತಿಂಗಳು ನಾನು ಕಣ್ಣಾರೆ ಕಂಡೆ.

ಕಾಲೇಜೊಂದರ ಊಟದ ಸಾಲು. ಮೇಜಿನ ಮೇಲೆ ಜೋಡಿಸಿದ್ದ ಸ್ಟೀಲ್ ತಟ್ಟೆಗಳಲ್ಲಿ ಒಂದನ್ನು ಹುಡುಗನೊಬ್ಬ ಎತ್ತಿಕೊಂಡ. ತಿರುಗಿಸಿದ. ಅದರ ಬೆನ್ನಿಗೆ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಅಕ್ಷರಗಳನ್ನು ಗಮನವಿಟ್ಟು ಓದಿದ. ಆಮೇಲೆ ಎತ್ತಿದ ಜಾಗದಲ್ಲೇ ತಟ್ಟೆ ಇಟ್ಟು, ಮೇಜಿನ ಕೆಳಗಿದ್ದ ಪೇಪರ್ ಪ್ಲೇಟಿನ ಕಟ್ಟಿಗೆ ಕೈ ಹಾಕಿದ.

ಹಿಂದಿನವನೂ ಓದಿದ, ಇಟ್ಟ. ಅವನ ಹಿಂದಿದ್ದವನು ಓದುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮುಂದಿನವರು ಓದಿದ್ದಾರಲ್ಲ, ಸಾಕು. (ಪಕ್ಕದವನ ನೋಟ್ಸಿನಲ್ಲಿ ಪಾಸಾಗುವ ಅಭ್ಯಾಸ ಊಟದ ಸಾಲಿಗೂ ಬಂದಿದೆ.)

ಅಂಥದ್ದೇನು ಬರೆದಿದೆಯಪ್ಪಾ ಎಂದು ನಾನೂ ಒಂದು ತಟ್ಟೆ ತಿರುಗಿಸಿದೆ. ‘ಬುದ್ಧ ವಿಹಾರ ಮಹಿಳಾ ಸಂಘ’. ಅದರ ಕೆಳಗೆ ಒಂದು ಊರಿನ ಹೆಸರು.

ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಊರಿನ ಸಂಘ, ದೇವಸ್ಥಾನದ ಸಮಿತಿ, ಯಾರೇ ಪಾತ್ರೆ ಕೊಂಡರೂ ಹೆಸರು ಕೊರೆಸುತ್ತಾರೆ. ಮದುವೆ, ತಿಥಿ, ನಾಮಕರಣಕ್ಕೆ ಕೇಳಿದವರಿಗೆ ಕೊಡುತ್ತಾರೆ. ಉಂಡವರು ತೊಳೆದು ವಾಪಸ್ ಕೊಡುತ್ತಾರೆ. ತಟ್ಟೆ ಕಳೆಯದಿರಲಿ ಎಂದು ಕೊರೆಸಿದ ಆ ಹೆಸರು, ಇಲ್ಲಿ ತಟ್ಟೆಯ ಜಾತಿ ಪ್ರಮಾಣಪತ್ರವಾಗಿತ್ತು. ಬುದ್ಧ ವಿಹಾರ ಎಂದರೆ ದಲಿತರ ಕೇರಿ. ಓದಿದ ಹುಡುಗರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಎನ್ನುವುದನ್ನು ಹೇಳಿಬಿಡುತ್ತೇನೆ.

ಹೊಳೆನರಸೀಪುರದ ಕಡೆಯ ಡಿಗ್ರಿ ಕಾಲೇಜು ಅದು. (ಹೆಸರು ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದ ಕಾಲೇಜುಗಳು ತಾವು ಬಚಾವ್ ಅಂದುಕೊಳ್ಳುತ್ತವೆ.) ಅಲ್ಲಿನ ಇಕೋ ಕ್ಲಬ್ಬಿನ ಕಾರ್ಯದರ್ಶಿ ಗೌತಮಿ. ಕೊನೆಯ ವರ್ಷದ ಬಿಎಸ್ಸಿ, ಹಳ್ಳಿಮೈಸೂರಿನ ಹತ್ತಿರದ ಹಳ್ಳಿಯವಳು. ಒಂದು ದಿನ ಫೋನ್ ಮಾಡಿದಳು.

“ಮೇಡಂ, ನಮ್ ಕಾಲೇಜಲ್ಲಿ ಒಂದ್ ಫಂಕ್ಷನ್ ಆದ್ರೆ ಚೀಲಗಟ್ಲೆ ಪೇಪರ್ ಪ್ಲೇಟು, ಲೋಟ ಬೀಳ್ತವೆ. ಇಂದ್ಗಡೆ ಗುಡ್ಡೆ ಆಕಿ ಸುಡ್ತಾರೆ. ಲೈಬ್ರರೀಲಿ ಕೂತ್ರೆ ಬರೀ ಒಗೆ, ಕಣ್ಣುರಿ. ಈ ಸಲ ನಾವು ಸ್ಟೀಲ್ ತಟ್ಟೇಲೇ ಊಟ ಇಟ್ಕೊಂಡಿದೀವಿ. ಅವರವರ ತಟ್ಟೆ ಅವರವರೇ ತೊಳ್ಯೋದು. ನೀವು ಬಂದು ನಾಕ್ ಮಾತಾಡ್ಬೇಕು.”

ಇಂಥ ಕರೆ ಬಂದರೆ ನಾನು ಸಾಮಾನ್ಯವಾಗಿ ನೆಗಡಿ ಎಂದು ತಪ್ಪಿಸಿಕೊಳ್ಳುತ್ತೇನೆ. ಪರಿಸರದ ಕಾರ್ಯಕ್ರಮಗಳ ಗತಿ ನೋಡಿ ನೋಡಿ ಸಾಕಾಗಿದೆ. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಫ್ಲೆಕ್ಸು, ಕೈಗೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ಬಾಯಲ್ಲಿ ಭೂಮಿತಾಯಿ. ಈ ಹುಡುಗಿ ಮಾತ್ರ ಹೊಗೆಯಿಂದ ಶುರು ಮಾಡಿದಳು. ಅದು ನನಗೆ ಹಿಡಿಸಿತು. ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಿದಳು. ಪ್ರಿನ್ಸಿಪಾಲರು ಷರತ್ತು ಹಾಕಿದ್ದರಂತೆ. ಈ ಊಟ ಸರಿಯಾಗಿ ನಡೆದರೆ ಕಾಲೇಜ್ ಡೇಗೂ ಸ್ಟೀಲ್ ತಟ್ಟೆ, ಕಾಲೇಜಿಗೇ ಸ್ವಂತ ತಟ್ಟೆ ಕೊಳ್ಳೋಣ. ಗಲಾಟೆಯಾದರೆ ಕ್ಲಬ್ಬು ಗಿಡ ನೆಟ್ಟುಕೊಂಡಿರಲಿ. ಒಂದು ವರ್ಷ ಅವರಿವರ ಬೆನ್ನು ಹತ್ತಿ ಅವಳು ಗಿಟ್ಟಿಸಿಕೊಂಡಿದ್ದ ಅವಕಾಶ ಈ ಒಂದು ಊಟದ ಮೇಲೆ ನಿಂತಿತ್ತು.

ಹಾಸನದಿಂದ ಬಸ್ಸು ಹತ್ತಿದೆ.

ನನ್ನ ಭಾಷಣ ಚೆನ್ನಾಗಿಯೇ ಆಯಿತು ಅನ್ನಿ. ಕ್ಯಾಂಪಸ್ಸಿನ ಪರಿಸರ ಕಾಪಾಡಲು ವಿದ್ಯಾರ್ಥಿಗಳು ಏನು ಮಾಡಬಹುದು? ಕ್ಲಾಸಿಂದ ಹೊರಡುವಾಗ ಫ್ಯಾನ್ ಆರಿಸಿ. ಹಾಸ್ಟೆಲಿನಲ್ಲಿ ಮಿಕ್ಕ ಅನ್ನ ಗೊಬ್ಬರವಾಗಲಿ. ಅರಕಲಗೂಡು, ಚನ್ನರಾಯಪಟ್ಟಣದಿಂದ ಬೈಕಿನಲ್ಲಿ ಒಬ್ಬೊಬ್ಬರೇ ಬರುವವರು ಇನ್ನೊಬ್ಬರನ್ನು ಕೂರಿಸಿಕೊಂಡು ಬನ್ನಿ. ಸೀನಿಯರ್‌ಗಳ ಪುಸ್ತಕ ಜೂನಿಯರ್‌ಗಳಿಗೆ ಹೋಗಲಿ. ಎಲ್ಲದಕ್ಕೂ ಚಪ್ಪಾಳೆ. ಬೈಕಿನ ಮಾತಿಗೆ ಹಿಂದಿನ ಸಾಲಿನಿಂದ ಶಿಳ್ಳೆ ಕೂಡ ಬಂತು. (ಯಾರನ್ನು ಕೂರಿಸಿಕೊಳ್ಳುವ ಯೋಚನೆಯಿತ್ತೋ.)

ಆಮೇಲೆ ಊಟ. ಊಟದ ಸಾಲಿನಲ್ಲಿ ಆ ಓದು.

ಮೊದಲು ಓದಿದ ಹುಡುಗನನ್ನು ನಿಲ್ಲಿಸಿ ಕೇಳಿದೆ. “ಯಾಕಪ್ಪಾ, ಸ್ಟೀಲ್ ತಟ್ಟೆ ಬೇಡ್ವಾ?”

“ಐಜೀನು ಮೇಡಂ,” ಅಂದ.

ಹೈಜೀನು! ಇದೇ ಮಕ್ಕಳು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ ಗಾಡಿಗೆ ಮುತ್ತಿಕೊಳ್ಳುವುದನ್ನು ನಾನು ನೋಡಿಲ್ಲವೇ? ಗಾಡಿಯವನು ಒಂದೇ ಬಕೆಟ್ಟಿನ ನೀರಿನಲ್ಲಿ ತಟ್ಟೆ ಅದ್ದಿ, ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ ಕೊಡುತ್ತಾನೆ. ಆ ತಟ್ಟೆಯಲ್ಲಿ ಮುಂಚೆ ತಿಂದವರು ಯಾರು ಎಂದು ಯಾರಾದರೂ ಕೇಳುತ್ತಾರಾ? ಇಲ್ಲ. ಅದರ ಬೆನ್ನ ಮೇಲೆ ಏನೂ ಬರೆದಿರುವುದಿಲ್ಲವಲ್ಲ.

ಹುಡುಗರ ಮಾತು ಬಿಡಿ. ಪೇಪರ್ ಪ್ಲೇಟಿನ ಕಟ್ಟು ಮೇಜಿನ ಕೆಳಗೆ ಬಂದದ್ದು ಹೇಗೆ? ತರಿಸಿದವರು ಇಕೋ ಕ್ಲಬ್ಬಿನ ಕೋಆರ್ಡಿನೇಟರ್. ಮೇಷ್ಟ್ರು, ಡಾಕ್ಟರೇಟ್ ಆದವರು. ಬೆಳಿಗ್ಗೆ ತಟ್ಟೆಗಳನ್ನು ಗೂಡ್ಸ್ ಆಟೋದಿಂದ ಇಳಿಸುವಾಗ ಅವರೂ ಓದಿದ್ದಾರೆ.

“ಎಮರ್ಜೆನ್ಸಿಗೆ ಇರ್ಲಿ ಅಂತ ಮೇಡಂ,” ಎಂದರು.

“ಯಾವ ಎಮರ್ಜೆನ್ಸಿ ಸರ್?”

“ಸೆನ್ಸಿಟಿವ್ ಮ್ಯಾಟರು. ಸುಮ್ನೆ ಇಶ್ಯೂ ಆಗೋದು ಬೇಡ.” ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಅವರು ನಿಲ್ಲಿಸಲಿಲ್ಲ. “ಮತ್ತೆ ನೋಡಿ ಮೇಡಂ, ಇಷ್ಟು ತಟ್ಟೆ ತೊಳೆಯೋಕೆ ಎಷ್ಟು ನೀರು ದಂಡ? ಹೇಮಾವತಿ ಪಕ್ಕದಲ್ಲಿದೆ ಅಂತ ಪೋಲು ಮಾಡೋಕಾಗುತ್ತಾ? ಸೈಂಟಿಫಿಕ್ಕಾಗಿ ನೋಡಿದ್ರೆ ಪೇಪರ್ ಪ್ಲೇಟೇ ಹೆಚ್ಚು ಇಕೋ ಫ್ರೆಂಡ್ಲಿ.”

ಅಬ್ಬಾ! ನಮ್ಮ ಅಜ್ಜಂದಿರ ಕಾಲದಲ್ಲಿ ಇದಕ್ಕೆ ಮಡಿ ಎನ್ನುತ್ತಿದ್ದರು. ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದರು, ಕೇಳಿದವರು ತಿರುಗಿ ಬಯ್ಯಬಹುದಿತ್ತು. ಈಗ ಅದಕ್ಕೆ ನೀರಿನ ಉಳಿತಾಯದ ಅಂಗಿ ತೊಡಿಸಿದ್ದಾರೆ. ಯಾರನ್ನು ಬಯ್ಯುವುದು? ಹೇಮಾವತಿಯನ್ನೇ?

ನನಗೂ ಒಂದು ಪೇಪರ್ ಪ್ಲೇಟು ನೀಡಿದರು. ನಾನು ಸ್ಟೀಲ್ ತಟ್ಟೆ ತೆಗೆದುಕೊಂಡೆ. (ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಉಣ್ಣಲು ತಟ್ಟೆ ಹಿಡಿಯುವುದು ಸಮಾಜಸೇವೆಯಲ್ಲ.)

ಅಂದಿನ ಊಟ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ. ನಮ್ಮ ನೆಲದ ಊಟವೇ ಇರಲಿ ಎಂದು ಕ್ಲಬ್ಬಿನ ಹುಡುಗಿಯರು ಆರಿಸಿದ್ದರು. ಬಿಸಿ ಮುದ್ದೆಯ ಭಾರಕ್ಕೆ ಪೇಪರ್ ಪ್ಲೇಟು ಬಾಗಿತು. ಮೇಲೆ ಸಾರು ಬಿತ್ತು. ಬೆರಳು ಸುಟ್ಟುಕೊಂಡವರು ಅಡಿಗೆ ಇನ್ನೊಂದು ಪ್ಲೇಟು ಹಿಡಿದರು, ಅದರಡಿಗೆ ಮತ್ತೊಂದು. ಒಬ್ಬನ ಬಿಳಿ ಅಂಗಿಯ ಮೇಲೆ ಸಾರು ಕಾವೇರಿಯಂತೆ ಹರಿಯಿತು. ಒಬ್ಬೊಬ್ಬರು ಮೂರು ಮೂರು ಪ್ಲೇಟು ಹಿಡಿದ ಮೇಲೆ ಕಟ್ಟು ಎಷ್ಟು ಹೊತ್ತು ಬರುತ್ತದೆ? ಅರ್ಧ ಸಾಲು ಮುಗಿಯುವ ಮುಂಚೆಯೇ ಪೇಪರ್ ಪ್ಲೇಟು ಖಾಲಿ.

ಸಾಲು ನಿಂತುಬಿಟ್ಟಿತು. ಮುಂದೆ ಹೊಳೆಯುವ ಸ್ಟೀಲ್ ತಟ್ಟೆಗಳ ರಾಶಿ, ಪಕ್ಕದಲ್ಲಿ ಹಬೆಯಾಡುವ ಮುದ್ದೆ. ನಡುವೆ ಓದು ಬಲ್ಲ ಯುವಜನತೆ. ಕೆಲವರು ಫೋನ್ ಬಂದವರಂತೆ ಕಿವಿಗೆ ಕೈ ಹಚ್ಚಿ ಗೇಟಿನ ಕಡೆ ನಡೆದರು. ಎದುರಿಗೇ ಹೋಟೆಲಿದೆ.

ಉಳಿದವರಲ್ಲಿ ಒಬ್ಬ ಗೆಳೆಯನಿಗೆ ಹೇಳುತ್ತಿದ್ದ. “ಒಟ್ಟೆ ಅಸೀತದೆ ಕಣ್ಲಾ, ಬಾ ಉಣ್ಣನ.”

“ಮನೇಲಿ ಗೊತ್ತಾದ್ರೆ?”

“ಲೇ, ತಟ್ಟೆಯೇನ್ ಮನೆಗ್ ತಕಂಡ್ ಓಗ್ತೀಯಾ?”

ಇಬ್ಬರೂ ತಟ್ಟೆ ಹಿಡಿದರು. ಅವರನ್ನು ನೋಡಿ ಹಿಂದಿನವರು ಹಿಡಿದರು. ಆಕಾಶ ಕಳಚಿ ಬೀಳಲಿಲ್ಲ. ಉಂಡರು, ನಲ್ಲಿಯ ಹತ್ತಿರ ಹೋಗಿ ನಾರು ಹಿಡಿದು ಅವರವರ ತಟ್ಟೆ ತೊಳೆದರು, ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡರು.

ಗೌತಮಿ ಇಷ್ಟು ಹೊತ್ತೂ ಸೌಟು ಹಿಡಿದು ಸಾರು ಬಡಿಸುತ್ತಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು. ಹತ್ತಿರ ಹೋಗಿ, “ಹೀಗಾಗುತ್ತೆ ಅಂತ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿತ್ತು ಮೇಡಂ. ಮೊದ್ಲು ಎಲ್ಲಾ ಕಡೆ ಕೇಳ್ದೆ. ಕಲ್ಯಾಣ ಮಂಟಪದೋರು ಬಾಡಿಗೆ ಅಂದ್ರು. ದೇವಸ್ಥಾನದ ಸಮಿತಿಯೋರು ಊರಿಂದಾಚೆ ಕೊಡಲ್ಲ ಅಂದ್ರು. ನಮ್ಮವ್ವನ ಸಂಘದೋರು ಒಂದೇ ಮಾತ್ಗೆ ಕೊಟ್ರು. ನಮ್ಮವ್ವ ಏಳಿದ್ಲು, ಎಸ್ರಿನ ಮ್ಯಾಲೆ ಸ್ಟಿಕ್ಕರ್ ಅಂಟ್ಸ್ಬುಡು ಮಗಾ, ಯಾಕ್ ಬೇಕು ಅಂತ. ನಾನೇ ಬ್ಯಾಡ ಅಂದೆ.”

“ಯಾಕಮ್ಮ?”

“ಅವ್ರ್ ಕೊಟ್ಟಿರೋ ತಟ್ಟೇಲಿ ಅವ್ರ್ ಎಸ್ರೇ ಮುಚ್ಚಿಟ್ರೆ ಎಂಗೆ ಮೇಡಂ?” ಎಂದಳು. ಅವಳ ಕಣ್ಣು ತುಂಬಿರಲಿಲ್ಲ. ನನ್ನದು ತುಂಬಿತ್ತು, ಸಿಟ್ಟಿಗೆ.

ಊಟವಾದ ಮೇಲೆ ಪ್ರಿನ್ಸಿಪಾಲರ ಕೋಣೆಗೆ ಕರೆದರು. ಕಾಫಿ ಬಂತು, ಪೇಪರ್ ಕಪ್ಪಿನಲ್ಲಿ. ಪ್ರಿನ್ಸಿಪಾಲರು ಒಳ್ಳೆಯವರು. ಯಾರಿಗೂ ಬೇಜಾರಾಗಬಾರದು ಎನ್ನುವ ಜಾತಿಯ ಒಳ್ಳೆಯವರು. ಅಂಥವರಿಂದ ಆಗಿರುವ ತೊಂದರೆ ಕೆಟ್ಟವರಿಂದಲೂ ಆಗಿಲ್ಲ.

“ಒಟ್ಟಾರೆ ಸಕ್ಸಸ್ ಮೇಡಂ,” ಎಂದರು. “ಸ್ವಲ್ಪ ಮಿಕ್ಸೆಡ್ ರೆಸ್ಪಾನ್ಸು.”

ಕೋಆರ್ಡಿನೇಟರ್ ಸಾಹೇಬರು ಮುಂದೆ ಬಗ್ಗಿದರು. “ಸರ್, ಕಾಲೇಜ್ ಡೇಗೆ ಅಡಿಕೆ ಹಾಳೆ ತಟ್ಟೆ ತರಿಸಿಬಿಡೋಣ. ಪ್ಲಾಸ್ಟಿಕ್ ಇಲ್ಲ, ತೊಳೆಯೋ ಹಾಗಿಲ್ಲ, ಯಾರದ್ದೂ ತಕರಾರಿಲ್ಲ. ಎಲ್ಲಾ ಸಮಸ್ಯೆಗೂ ಒಂದೇ ಪರಿಹಾರ.”

ಎಲ್ಲಾ ಸಮಸ್ಯೆ! ಅಲ್ಲಿದ್ದ ಸಮಸ್ಯೆ ಯಾವುದು ಎಂದು ಅವರೂ ಹೇಳಲಿಲ್ಲ, ಪ್ರಿನ್ಸಿಪಾಲರೂ ಕೇಳಲಿಲ್ಲ. ಬಾಗಿಲ ಹತ್ತಿರ ಒದ್ದೆ ಕೈಯಲ್ಲಿ ನಿಂತಿದ್ದ ಗೌತಮಿಯನ್ನು ನೋಡಿ, “ಏನಮ್ಮಾ, ನಿಂಗೆ ಒಪ್ಪಿಗೆ ತಾನೇ?” ಎಂದರು.

“ಆಗ್ಲಿ ಸರ್,” ಎಂದಳು ಗೌತಮಿ. “ಅಂಗೇ ಅಡುಗೆ ಮಾಡೋ ದಬರೀನೂ ಅಡಿಕೆ ಆಳೇದೇ ಮಾಡ್ಸ್ಬೇಕಾಯ್ತದೆ.”

“ಯಾಕೆ?”

“ಇವತ್ತು ಸಾರು, ಮುದ್ದೆ, ಅನ್ನ ಎಲ್ಲಾ ಬೇಯ್ಸಿದ್ದು ನಮ್ ಸಂಘದ ದಬರೀಲೇ ಸರ್. ನೆನ್ನೆ ಸಂಜೇನೇ ತಂದಿಟ್ಟಿದ್ದೊ. ಅದ್ರ ಮ್ಯಾಲೂ ಬರ್ಸವ್ರೆ. ಮಸಿ ಇಡ್ದದೆ, ಕಾಣಾಕಿಲ್ಲ ಅಷ್ಟೆ.”

ಕೋಆರ್ಡಿನೇಟರ್ ಸಾಹೇಬರು ಅವರೆಕಾಳಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದನ್ನು ನಾನೇ ನೋಡಿದ್ದೆ. ಕೈಯಲ್ಲಿದ್ದ ಕಾಫಿ ಕಪ್ಪನ್ನು ಅವರು ಮೆಲ್ಲಗೆ ಕೆಳಗಿಟ್ಟರು. (ತಟ್ಟೆ ತೊಳೆಯಲು ನೀರು ದಂಡ ಎಂದವರು ಅಂದು ಮನೆಗೆ ಹೋಗಿ ಎಷ್ಟು ಕೊಡ ನೀರು ಸುರಿದುಕೊಂಡರೋ, ನನಗೆ ಗೊತ್ತಿಲ್ಲ.)

“ನೋಡೋಣ, ಸ್ಟಾಫ್ ಮೀಟಿಂಗ್‌ನಲ್ಲಿ ಇಡ್ತೀನಿ,” ಎಂದರು ಪ್ರಿನ್ಸಿಪಾಲರು.

ಮೀಟಿಂಗು ಮೊನ್ನೆ ಆಯಿತಂತೆ. ಗೌತಮಿಯೇ ಫೋನ್ ಮಾಡಿ ಹೇಳಿದಳು. ಕಾಲೇಜ್ ಡೇಗೆ ಸ್ಟೀಲ್ ತಟ್ಟೆ ಇಲ್ಲ. ಅಡಿಕೆ ಹಾಳೆಯೂ ಇಲ್ಲ. ಕಾಲೇಜಿನಲ್ಲಿ ಅಡುಗೆಯೇ ಇಲ್ಲ. ಹೋಟೆಲಿನಿಂದ ಪ್ಯಾಕೆಟ್ ಊಟ ಬರುತ್ತದೆ. ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಪ್ಲಾಸ್ಟಿಕ್ ಚಮಚ, ಒಂದು ನೀರಿನ ಬಾಟಲಿ. ನೋಡಿ, ಒಂದು ಹೆಸರಿಗೆ ಹೆದರಿ ಓದಿದ ಜನ ಎಷ್ಟು ಕಸ ಹುಟ್ಟಿಸಲು ತಯಾರಿದ್ದಾರೆ! ಮತ್ತೆ ಅದೇ ಗುಡ್ಡೆ, ಅದೇ ಬೆಂಕಿ, ಲೈಬ್ರರಿಯಲ್ಲಿ ಅದೇ ಹೊಗೆ. ಆ ಹೊಗೆ ಯಾವ ಕೇರಿಯವರ ಮೂಗು ಎಂದು ಕೇಳಿ ಒಳಗೆ ಹೋಗುತ್ತದೆಯೇ?

“ಕ್ಲಬ್ಬು ಬಿಟ್ಟುಬಿಟ್ಟೆಯಾ?” ಎಂದೆ.

“ಯಾಕ್ ಬಿಡ್ಲಿ ಮೇಡಂ? ಕಾಲೇಜ್ ಡೇ ದಿನ ನಾನು ಸಂಘದ ತಟ್ಟೆ ತಕಂಡೋಗಿ ಅದ್ರಲ್ಲೇ ಉಣ್ತೀನಿ. ಅವತ್ತು ತೊಳ್ದಿದ್ರಲ್ಲ ಉಡುಗ್ರು, ಅವರಲ್ಲಿ ಒಂದಷ್ಟ್ ಜನ ನಮ್ಗೂ ಒಂದೊಂದ್ ತಟ್ಟೆ ತಕಂಬಾ ಅಂದವ್ರೆ.”

ಹೊಟ್ಟೆ ಹಸಿದಾಗ ಹುಡುಗರಿಗೆ ಬುದ್ಧಿ ಬಂತು, ಹೊಟ್ಟೆ ತುಂಬಿದ ಮೇಷ್ಟ್ರುಗಳಿಗೆ ಬರುವುದು ಯಾವಾಗ?