ಮಾಳಿಗೆ ಮೇಲಿನ ಕೆಂಪು ಕೌದಿ

ಸೋಮಣ್ಣ ಕಾಕಾ ರಜೆಯ ಮೇಲೆ ಊರಿಗೆ ಬಂದರೆ ಕಾಲು ತೊಳೆಯುವ ಮೊದಲೇ ನಿಚ್ಚಣಿಕೆ ಹುಡುಕುತ್ತಿದ್ದರು. ಮಾಳಿಗೆ ಹತ್ತಿ, ಸೊಂಟದ ಮೇಲೆ ಕೈ ಇಟ್ಟು, ಇಡೀ ಮುಡಬಿಯನ್ನು ತಮ್ಮದೇ ಜಹಗೀರು ಎಂಬಂತೆ ನೋಡುವರು. ಕೆಳಗೆ ಅವ್ವ, ಅಂದರೆ ನನ್ನ ಅಜ್ಜಿ, ತಂಬಿಗೆ ಹಿಡಿದು ನಿಂತಿರುತ್ತಿದ್ದಳು.

"ಮದಲ ಕಾಲ ತೊಳ್ಕೋ ಬಾರೋ. ಊರೇನ್ ಓಡಿ ಹೋಗಾಕತ್ತದೇನು?"

ಕಾಕಾ ನನ್ನ ಅಪ್ಪನ ತಮ್ಮ. ಕಲ್ಯಾಣದಲ್ಲಿ ಉರ್ದು, ಹೈದರಾಬಾದಿನಲ್ಲಿ ಇಂಗ್ಲಿಷ್ ಓದಿ, ಮನೆಯಲ್ಲಿ ಒಂದು ಮಾತೂ ಹೇಳದೆ ವಿಮಾನದಳ ಸೇರಿದವರು. ಅರವತ್ತೈದರ ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಭುಜದ ಪಟ್ಟಿ ಹೆಚ್ಚಿದಂತೆಲ್ಲ ರಜೆ ಕಡಿಮೆಯಾಗುತ್ತ ಬಂತು. ಹಮ್ಮಿಗೇನೂ ಕೊರತೆ ಇರಲಿಲ್ಲ. ಹುಮನಾಬಾದಿನಲ್ಲಿ ಮೋಟಾರು ಇಳಿದು ಎತ್ತಿನ ಗಾಡಿ ಹತ್ತಿದರೆ ಗಾಡಿಯವನಿಗೇ ಹಾದಿ ಹೇಳಿಕೊಡುವರು. "ನಕ್ಷಾ ನನ್ನ ತಲ್ಯಾಗ ಅದ" ಎನ್ನುವರು. ಗಾಡಿಯವ "ಹೌದ್ರಿ ಸಾಹೇಬ್ರ" ಎನ್ನುತ್ತಲೇ ಎತ್ತುಗಳನ್ನು ತನಗೆ ಬೇಕಾದ ಕಡೆ ತಿರುಗಿಸುತ್ತಿದ್ದ.

ಅವ್ವ ಹಾಸಿಗೆ ಹಿಡಿದಾಗ ಅಪ್ಪ ಕಾಗದ ಬರೆದರು. ಉತ್ತರ ಬಂತು: ರಜೆ ಸಿಗುವುದಿಲ್ಲ, ಆದರೆ ಮಹಾನವಮಿಯ ಒಳಗೆ ಒಂದು ದಿನ ಹೈದರಾಬಾದಿಗೆ ಹಾರುವುದಿದೆ, ಹಾದಿ ಬಿಟ್ಟು ಊರ ಮೇಲೆ ಬರುತ್ತೇನೆ, ಮಾಳಿಗೆಯ ಮೇಲೆ ಕೆಂಪು ಕೌದಿ ಹಾಸಿ ಅವ್ವನನ್ನು ಕೂಡಿಸಿರಿ, ಗುರುತು ಸಿಕ್ಕರೆ ರೆಕ್ಕೆ ಅಲ್ಲಾಡಿಸುತ್ತೇನೆ.

ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಮನೆಯಲ್ಲೂ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿಗಳನ್ನು ತೊಳೆದು ಮಾಳಿಗೆಯ ಮೇಲೆ ಒಣಹಾಕುತ್ತಾರೆ. ಇಷ್ಟು ವರ್ಷ ಪರವೂರಿನ ಮಂಚದ ಮೇಲೆ ಮಲಗಿದ ಕಾಕಾ ಅದನ್ನು ಮರೆತಿದ್ದರು. ಊರಲ್ಲೇ ಇದ್ದ ನಮಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂರು ದಿನ ಅವ್ವನನ್ನು ಹೊತ್ತು ಮೇಲೇರಿಸಿ ಕೂಡಿಸಿದೆವು. ನಾಲ್ಕನೆಯ ದಿನ ಅವಳನ್ನು ಕೂಡಿಸಿದ ಮೇಲೆ ವಿಮಾನದ ಸದ್ದು ಕೇಳಿತು. ಅಷ್ಟರಲ್ಲಿ ಊರ ಮಾಳಿಗೆಗಳೆಲ್ಲ ಕೌದಿ, ಅರ್ಧಕ್ಕರ್ಧ ಕೆಂಪು. ವಿಮಾನ ಎರಡು ಸುತ್ತು ಹಾಕಿತು. ಆಮೇಲೆ ಆಚೆ ಓಣಿಯ ಗಾಣಿಗರ ಮನೆಯ ಮೇಲೆ ಕೆಳಗಿಳಿದು, ರೆಕ್ಕೆ ಅಲ್ಲಾಡಿಸಿ, ಮೂಡಲಕ್ಕೆ ಹೋಗಿಬಿಟ್ಟಿತು. ಅಲ್ಲಿ ಕೌದಿ ಕಾಯುತ್ತಿದ್ದ ಗಾಣಿಗರ ಮುದುಕಿ ಎರಡೂ ಕೈ ಎತ್ತಿ ಹರಸಿದಳು.

ನಮ್ಮವ್ವ ಎತ್ತಿದ್ದ ಕೈ ಇಳಿಸಿದಳು. "ಮನಿ ಮರತಾನ" ಅಂದಳು.

"ಊರ ತುಂಬ ಕೌದಿ ಅದಾವಲ್ಲಬೇ, ಅವಗ ಹ್ಯಾಂಗ ತಿಳೀಬೇಕು?" ಎಂದು ಅಪ್ಪ ಅತ್ತುಬಿಟ್ಟರು. ಕೆಳಗಿಳಿಸಿದ ಮೇಲೆ ಅವ್ವ ಗೋಡೆ ಕಡೆ ಹೊರಳಿ ಮಲಗಿದಳು. ಹಬ್ಬದ ದಿನವೇ ಹೋದಳು.

ನಾಲ್ಕು ತಿಂಗಳ ಮೇಲೆ ಕಾಕಾ ಬಂದರು, ಭುಜಕ್ಕೆ ಇನ್ನೊಂದು ಪಟ್ಟಿ. ನನ್ನನ್ನು ಕರೆದು ಕೇಳಿದರು: "ನಾ ರೆಕ್ಕಿ ಅಲ್ಲಾಡಿಸಿದಾಗ ಅವ್ವ ಏನಂದ್ಲವಾ?"

ಅಪ್ಪ ಹಿಂದಿನಿಂದ ಬೇಡವೆಂದು ಕೈ ಆಡಿಸಿದರು. ನನಗೆ ಹನ್ನೆರಡು ವರ್ಷ. ಅವ್ವನ ಪರವಾಗಿ ಹೊಟ್ಟೆಯಲ್ಲಿ ಸಿಟ್ಟು ತುಂಬಿಕೊಂಡಿತ್ತು. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಆ ನಾಲಿಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕಾಕಾ ಮಾಳಿಗೆ ಹತ್ತಲಿಲ್ಲ. ಟೋಪಿ ಹಾಕಿಕೊಂಡು ಗಾಣಿಗರ ಮನೆಗೆ ನಡೆದರು, ನಾನೂ ಹಿಂದೆ ಹೋದೆ. ಮುದುಕಿ ಅವರ ಗಲ್ಲ ಸವರಿದಳು.

"ಅಷ್ಟು ಎತ್ತರದಿಂದ ನನ್ನ ಗುರ್ತಾ ಹಿಡದ್ಯಲ್ಲೋ, ಮಗನ!"

ಕಾಕಾ ಬಗ್ಗಿ ಅವಳ ಕಾಲು ಮುಟ್ಟಿದರು. "ಹೌದವ್ವಾ, ಹಿಡದೆ."

ಊರು ಬಿಟ್ಟು ಹೊರಡುವಾಗ ಗಾಡಿಯವ ಯಾವ ಹಾದಿಯಿಂದ ಹೋಗಲಿ ಎಂದು ಕೇಳಿದ. "ನಿನಗಽ ಗೊತ್ತಿರ್ತದಲ್ಲಪಾ" ಅಂದರು ಕಾಕಾ. ಮತ್ತೆ ಅವರು ಮುಡಬಿಗೆ ಬರಲಿಲ್ಲ.