ಜಪ್ತಿಗೆ ಬಂದವರು

ಮಸ್ಕಿಯ ನನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ತೆರಿಗೆಯವರು ನೋಟಿಸು ಅಂಟಿಸಿ ಹೋದರು. ಬಾಕಿ ಕಟ್ಟದಿದ್ದರೆ ಸಾಮಾನು ಜಪ್ತಿ ಮಾಡುತ್ತೇವೆ ಎಂದು ಅದರಲ್ಲಿತ್ತು. ತಪ್ಪು ನನ್ನದೇ. ಕಂತಿನಲ್ಲಿ ಕಟ್ಟುತ್ತೇನೆಂದು ಅರ್ಜಿ ಬರೆದು, ಬಸ್ಸು ಹತ್ತಿ ಲಿಂಗಸೂಗೂರಿಗೆ ಹೋಗಿ ಕೊಟ್ಟು ಬಂದೆ.

ಅಂಗಡಿಯ ಮುಂದೆ ಒಂದು ಬೆಂಚಿದೆ. ದಿನಾ ಬೆಳಿಗ್ಗೆ ನಾಲ್ಕೈದು ಮಂದಿ ಅದರ ಮೇಲೆ ಕೂತು ನನ್ನ ಪೇಪರು ಓದಿ, ನನ್ನ ಚಹಾ ಕುಡಿದು, ಊರಿಗೆಲ್ಲ ಬುದ್ಧಿ ಹೇಳಿ ಏಳುತ್ತಿದ್ದರು. ನೋಟಿಸು ಬಂದ ಮರುದಿನದಿಂದ ಅವರೆಲ್ಲ ಎದುರಿನ ಗೊಬ್ಬರದ ಅಂಗಡಿಗೆ ಹೋಗಿ ಕೂತರು. ನನಗೇನು ಸಿಡುಬು ಬಂದಿತ್ತೇ? ಸಿಟ್ಟಿಗೆ ಪೇಪರು ನಿಲ್ಲಿಸಿದೆ. ಬೆಂಚನ್ನು ಮಾತ್ರ ದಿನಾ ಒರೆಸುತ್ತಿದ್ದೆ.

ಅರ್ಜಿಗೆ ಉತ್ತರ ಬರಲಿಲ್ಲ. ಮೂರು ವಾರದ ಮೇಲೆ ಜಪ್ತಿಗೆಂದು ಸಾಮಾನಿನ ಪಟ್ಟಿ ಮಾಡಲು ಅಧಿಕಾರಿಯೊಬ್ಬರು ಬಂದರು. ಅವರು ಬರುವುದು ಗೊತ್ತಿದ್ದರಿಂದ, ಅಪ್ಪ ಮೊಳೆ ತೂಗುತ್ತಿದ್ದ ಹಿತ್ತಾಳೆ ತಕ್ಕಡಿಯನ್ನು ಬೆಳಿಗ್ಗೆಯೇ ಒಳಕೋಣೆಯ ಗೋಣಿಚೀಲಗಳ ಕೆಳಗೆ ಬಚ್ಚಿಟ್ಟಿದ್ದೆ. ಅವರು ಎಲ್ಲ ನೋಡಿ, ಬೆಂಚಿನ ಮೇಲೆ ಕೂತು ಬರೆದುಕೊಂಡರು. ಚಹಾ ತರಿಸಿದೆ, ಕುಡಿದರು.

"ಮುಕ್ಕುಂದಕ್ಕ ನಮ್ಮ ಅಕ್ಕನ್ನ ಕೊಟ್ಟೀವ್ರಿ. ಅಲ್ಲಿ ಭತ್ತದ ನಾಟಿ ನಡದೈತಂತ," ಎಂದರು. ನಾನೂ ನಾಟಿಯ ಬಗ್ಗೆ ಏನೇನೋ ಮಾತಾಡಿದೆ. ಮೂರು ವಾರದಿಂದ ಯಾರೊಂದಿಗೂ ಹೀಗೆ ಹರಟಿರದ ನನ್ನ ದನಿ ನನಗೇ ಹೊಸದೆನಿಸಿತು.

ಪಟ್ಟಿ ಮುಗಿಯಿತು. ಅವರು ಪೆನ್ನು ಜೇಬಿಗಿಟ್ಟು ಎದ್ದು ನಿಂತು, ಕೇಳಬೇಕಲ್ಲ ಎಂದು ಕೇಳಿದರು: "ಮತ್ತೇನರ ಐತೇನ್ರಿ?"

ಎದುರಿನ ಅಂಗಡಿಯಲ್ಲಿ ಯಾರೋ ಜೋರಾಗಿ ನಕ್ಕರು.

"ಒಳಗ ಒಂದು ಹಿತ್ತಾಳಿ ತಕ್ಕಡಿ ಐತ್ರಿ," ಎಂದೆ. "ಕುಂದರ್ರಿ, ತರತೀನಿ. ಇನ್ನೊಂದು ಚಾ ಹೇಳತೀನಿ."